ಮೂವತ್ತಕ್ಕೆ ಹನ್ನೆರಡು ಕೂಡಿದರೆ

ಮೂವತ್ತಕ್ಕೆ ಹನ್ನೆರಡು ಕೂಡಿದರೆ ಎಷ್ಟು ಎಂದು 33 ವರ್ಷ ಹೈಸ್ಕೂಲು ಮಕ್ಕಳನ್ನು ಕೇಳಿದವಳು ನಾನು. ಅದಕ್ಕೆ ಮೂವತ್ತೆಂಟು ಎಂಬ ಉತ್ತರವೂ ಉಂಟೆಂದು ತಿಳಿದದ್ದು ನಿವೃತ್ತಿಯಾದ ಮೇಲೆ, ಸರ್ಕಾರಿ ಆಸ್ಪತ್ರೆಯೊಂದರ ವರಾಂಡದಲ್ಲಿ.

ಅವತ್ತು ಅಂಗವೈಕಲ್ಯ ಪ್ರಮಾಣಪತ್ರಕ್ಕೆ ತಪಾಸಣೆ ಮಾಡುವ ದಿನ. ನಮ್ಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಬೆಳಿಗ್ಗೆ ಏಳಕ್ಕೇ ಐದು ಜನರನ್ನು ಹೊರಡಿಸಿಕೊಂಡು ಬಂದಿದ್ದರು. ಅವರದ್ದೂ ಒಂದು ಕಾಲು ಪೋಲಿಯೋದಿಂದ ಸೊರಗಿದ್ದು. ಗೌರವಧನದ ಕೆಲಸ, ಆದರೆ ತಾಲ್ಲೂಕಿನಲ್ಲಿ ಯಾರ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬುದು ಅವರಿಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿಲ್ಲ. ಆ ಐವರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಎಂಟನೇ ಕ್ಲಾಸಿನಲ್ಲಿ ಶಾಲೆ ಬಿಟ್ಟ. ಈಗ ನಲವತ್ತು ದಾಟಿದೆ. ಸೊಂಟದ ಮೇಲಿನ ಮೈ ಮುಂದಕ್ಕೆ ಬಾಗಿದೆ. ಎರಡೂ ಕೈಯನ್ನು ತೊಡೆಗೆ ಊರಿಕೊಂಡು ನಡೆಯುತ್ತಾನೆ. ಅವನ ಅಪ್ಪನೂ ಹಾಗೇ ನಡೆಯುತ್ತಿದ್ದ, ಸೋದರತ್ತೆಯೂ.

ಡಾಕ್ಟರು ಒಳ್ಳೆಯವರೇ. ಮಂಚದ ಮೇಲೆ ಮಲಗಿಸಿ, ಕೋನ ಅಳೆಯುವ ಪಟ್ಟಿಯನ್ನು ಸೊಂಟದ ಕೀಲಿಗೆ ಹಿಡಿದು, ಕಾಲು ಎಷ್ಟು ಮಡಿಸುತ್ತದೆ, ಎಷ್ಟು ಅಗಲುತ್ತದೆ ಎಂದು ತಾಳ್ಮೆಯಿಂದ ನೋಡಿದರು. ಒಂದು ಕಾಲಿಗೆ ಶೇಕಡಾ 30 ಅಂಗವೈಕಲ್ಯ, ಇನ್ನೊಂದಕ್ಕೆ 12. ನಾನು ಮನಸ್ಸಿನಲ್ಲೇ 42 ಅಂದುಕೊಂಡೆ. ನಲವತ್ತು ದಾಟಿದರೆ ಪಿಂಚಣಿಗೆ ಅರ್ಜಿ, ರಿಯಾಯಿತಿ ಬಸ್ ಪಾಸು, ಮೀಸಲಾತಿ. ಕಾಗದ ಕೈಗೆ ಬಂದಾಗ ಅದರಲ್ಲಿ 38 ಇತ್ತು.

ಮೊದಲು ಗುಮಾಸ್ತರ ತಪ್ಪಿರಬೇಕು ಅಂದುಕೊಂಡೆ. ಅಲ್ಲ, ಅದಕ್ಕೊಂದು ಸೂತ್ರವಿದೆ. ದೊಡ್ಡ ಸಂಖ್ಯೆಯನ್ನು ಹಾಗೇ ಇಟ್ಟುಕೊಳ್ಳಬೇಕು. 90ರಲ್ಲಿ ಅದನ್ನು ಕಳೆದು, ಉಳಿದದ್ದರಿಂದ ಚಿಕ್ಕ ಸಂಖ್ಯೆಯನ್ನು ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಕೂಡಿಸಬೇಕು. ಹನ್ನೆರಡನ್ನು ಅರವತ್ತರಿಂದ ಗುಣಿಸಿ ತೊಂಬತ್ತರಿಂದ ಭಾಗಿಸಿದರೆ ಎಂಟು. ಮೂವತ್ತಕ್ಕೆ ಎಂಟು ಸೇರಿ ಮೂವತ್ತೆಂಟು. ಸೂತ್ರ ಹುಚ್ಚಾಪಟ್ಟೆ ಅಲ್ಲ. ನಾಲ್ಕಾರು ಕಡೆ ತೊಂದರೆ ಇರುವವರಿಗೆ ಸುಮ್ಮನೆ ಕೂಡಿಸುತ್ತ ಹೋದರೆ ಮೊತ್ತ ನೂರು ದಾಟಿಬಿಡುತ್ತದೆ, ಅದಕ್ಕೆ ಈ ತಡೆ. ಬೇಕಾದರೆ ಬೋರ್ಡಿನ ಮೇಲೆ ಬಿಡಿಸಿ ತೋರಿಸುತ್ತೇನೆ. ವರಾಂಡದ ಕಟ್ಟೆಯ ಮೇಲೆ ಕೂತು ಅವನಿಗೆ ತೋರಿಸಿದ್ದೂ ಆಯಿತು, ಕಾಗದದ ಹಿಂಬದಿಯಲ್ಲಿ ಬರೆದು.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ, "ಇದ್ರಲ್ಲಿ ನೋವಿಗೆ ಎಷ್ಟು ಹಾಕ್ಯಾರೆ ಟೀಚರೆ?" ಅಂದ.

ಅವನ ಊರು ಹಂದಿಗೋಡಲ್ಲ, ಆದರೆ ಕಾಯಿಲೆ ಅದೇ. ಶಿವಮೊಗ್ಗ ಜಿಲ್ಲೆಯ ಬಗ್ಗೆ ನಾವು ಜೋಗ, ಇಕ್ಕೇರಿ, ಅಡಿಕೆ ಎಂದೆಲ್ಲ ಹೆಮ್ಮೆ ಪಡುತ್ತೇವೆ. ವೈದ್ಯಶಾಸ್ತ್ರದ ಪುಸ್ತಕಗಳಿಗೆ ನಾವು ಕೊಟ್ಟ ಹೆಸರು ಮಾತ್ರ ಎರಡು: ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು ಹೊತ್ತ ಮಂಗನ ಕಾಯಿಲೆ, 1957ರಲ್ಲಿ ಗುರುತಿಸಿದ್ದು, ಮತ್ತು ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು ಹೊತ್ತ ಈ ಕೀಲು ರೋಗ. ಊರಿನ ಹೆಸರನ್ನು ರೋಗಕ್ಕೆ ಇಟ್ಟರೆ ಊರಿಗೆ ಏನಾಗುತ್ತದೆ ಎಂದು ಆ ಊರಿನವರನ್ನು ಕೇಳಬೇಕು. ಹೊಸ ಸಾಂಕ್ರಾಮಿಕಗಳಿಗೆ ಸ್ಥಳದ ಹೆಸರಿಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು 2015ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಎರಡೂ ಹೆಸರು ಅಚ್ಚಾಗಿ ಎಷ್ಟೋ ವರ್ಷವಾಗಿತ್ತು.

1970ರ ದಶಕದ ನಡುಭಾಗದಲ್ಲಿ ಅದು ಹೊರಗಿನವರ ಕಣ್ಣಿಗೆ ಬಿತ್ತು. ನಾನಾಗ ಮಿಡ್ಲಿಸ್ಕೂಲು. ಸೊಂಟ, ಮೊಣಕಾಲು ನೋವಿನಿಂದ ಶುರುವಾಗಿ, ಕೀಲು ಸವೆದು, ಕೆಲವರು ಬಾಗಿ, ಕೆಲವರು ತೆವಳಿ, ಕೆಲವರು ಎತ್ತರವೇ ಬೆಳೆಯದೆ ಉಳಿಯುತ್ತಿದ್ದರು. ಕಾಣಿಸಿಕೊಂಡದ್ದು ಚಲವಾದಿ ಮತ್ತು ಚನ್ನಂಗಿ ಎಂಬ ದಲಿತ ಸಮುದಾಯಗಳಲ್ಲಿ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದರು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈ ಸೇರಿ, ಏಡಿ ತಿಂದವರಿಗೆ ಹೀಗಾಗಿರಬಹುದೇ ಎಂಬ ಅನುಮಾನ ಆಗ ಬಲವಾಗಿತ್ತು. ಮುಂದಿನ ಅಧ್ಯಯನಗಳು ಇದು ವಂಶವಾಹಿಯಲ್ಲೇ ಇರುವ ಮೂಳೆ ಬೆಳವಣಿಗೆಯ ದೋಷ ಎಂದವು. ತಂದೆ ಅಥವಾ ತಾಯಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧ ಸಾಧ್ಯತೆ, ನಾಣ್ಯ ಚಿಮ್ಮಿದ ಹಾಗೆ.

ಏಡಿಯ ಮಾತು ಮಾತ್ರ ನಮ್ಮ ಕೇರಿಯಲ್ಲಿ ಸಾಯಲಿಲ್ಲ. "ಅವರು ಏಡಿ ತಿಂದು ಹಾಗಾಗಿದ್ದು" ಎಂದು ನಮ್ಮ ಜಗಲಿಯ ಮೇಲೆ ಕೂತು ಎಲೆ ಹಾಕುತ್ತ ಹೇಳಿದವರನ್ನು 1990ರ ನಂತರವೂ ಕೇಳಿದ್ದೇನೆ. ಹೇಳಲು ಎಷ್ಟು ಅನುಕೂಲದ ಮಾತು! ನಾವು ತಿನ್ನುವುದಿಲ್ಲ, ಆದ್ದರಿಂದ ನಮಗೆ ಬರುವುದಿಲ್ಲ. ಗದ್ದೆ ನಮ್ಮದು, ಔಷಧಿ ಹೊಡೆಸಿದವರು ನಾವು ಎಂಬುದೂ ಆ ಮಾತಿನಲ್ಲಿ ಎಲ್ಲೋ ಕಳೆದುಹೋಗುತ್ತಿತ್ತು. ತಮಾಷೆಯೆಂದರೆ ಆ ಮಾತು ಹುಟ್ಟಿದ 1970ರ ದಶಕದಲ್ಲೇ, ಏಡಿಯನ್ನು ಕಣ್ಣಿಂದಲೂ ನೋಡದ ನಮ್ಮ ಮನೆಯಲ್ಲಿ, ನನ್ನ ತಮ್ಮ ನಡೆಯುತ್ತ ನಡೆಯುತ್ತ ಬೀಳುತ್ತಿದ್ದ.

ಅವನು ಹುಟ್ಟಿದ್ದು 1967ರಲ್ಲಿ. ತುದಿಗಾಲಿನಲ್ಲಿ ನಡೆಯುತ್ತಿದ್ದ. ಮೀನಖಂಡ ದಪ್ಪಗಿತ್ತು. ಬಂದ ನೆಂಟರೆಲ್ಲ "ಪೈಲ್ವಾನನ ಕಾಲು" ಎಂದು ಹಿಸುಕಿ ನೋಡುತ್ತಿದ್ದರು. ನೆಲದಿಂದ ಏಳುವಾಗ ಮೊದಲು ಮೊಣಕಾಲಿಗೆ ಕೈ, ಆಮೇಲೆ ತೊಡೆಗೆ ಕೈ, ತನ್ನ ಮೈಯನ್ನೇ ಏಣಿ ಮಾಡಿಕೊಂಡು ಹತ್ತುವ ಹಾಗೆ ಏಳುತ್ತಿದ್ದ. ಆ ಏಳುವಿಕೆಗೆ ವೈದ್ಯಶಾಸ್ತ್ರದಲ್ಲಿ ಹೆಸರಿದೆ, ನೋಡಿದ ಕೂಡಲೆ ರೋಗದ ಸುಳಿವು ಹಿಡಿಯಬಹುದು ಎಂಬುದು ನನಗೆ ತಿಳಿದದ್ದು ಅವನು ಹೋಗಿ 20 ವರ್ಷದ ಮೇಲೆ. ಅಪ್ಪಯ್ಯ ಎಣ್ಣೆ ತಿಕ್ಕಿಸಿದರು, ಕಷಾಯ ಕುಡಿಸಿದರು, ಧರ್ಮಸ್ಥಳಕ್ಕೆ ಹರಕೆ ಹೊತ್ತರು. ಹನ್ನೊಂದಕ್ಕೆ ನಡಿಗೆ ನಿಂತಿತು. 1985ರ ಆಷಾಢದ ಮಳೆಯಲ್ಲಿ ಕೆಮ್ಮು ಹಿಡಿಯಿತು. ಕೆಮ್ಮಿ ಕಫ ತೆಗೆಯಲು ಅವನ ಎದೆಯಲ್ಲಿ ಬಲವಿರಲಿಲ್ಲ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದೆ ಎಂದು ಅಮ್ಮ ತನ್ನನ್ನೇ ಶಪಿಸಿಕೊಂಡಳು.

ಮನೆ ಬೇರೆ, ಜಾತಿ ಬೇರೆ, ಕಾಯಿಲೆಯೂ ಬೇರೆ. ಆದರೆ ಎರಡೂ ಕಡೆ ಮೊದಲು ಹುಡುಕಿದ್ದು ಯಾರು ಏನು ತಪ್ಪು ಮಾಡಿದರು ಎಂಬುದನ್ನು. ನನ್ನ ತಮ್ಮನ ಪಾಲಿಗೆ ಹರಕೆಯಾದರೂ ಬಂತು, ಗಾಡಿ ಕಟ್ಟಿಸಿ ಪೇಟೆಗೆ ಕರೆದೊಯ್ಯುವ ಅಪ್ಪ ಇದ್ದರು. ನಮ್ಮ ಅಂಗಳದ ಆಚೆ ನಿಂತು ಕೂಲಿ ತೆಗೆದುಕೊಂಡು ಹೋಗುತ್ತಿದ್ದ ಬಾಗಿದ ಬೆನ್ನಿನವರಿಗೆ ಬಂದದ್ದು ರಕ್ತ ತೆಗೆಯುವ ಸೂಜಿ, ಎಕ್ಸ್‌ರೇ, ಪ್ರಶ್ನೆಪಟ್ಟಿ. ಅವರು ಕುಂಟುವುದನ್ನು ನಾನು ದಿನವೂ ನೋಡಿದ್ದೆ. ನೋಡಿದ್ದು ನೆನಪಾಗಲು ನನ್ನ ಮನೆಯಲ್ಲೇ ಎರಡನೆಯ ಸಲ ಆಗಬೇಕಾಯಿತು.

ಎರಡನೆಯ ಸಲ ಆದದ್ದು ತಂಗಿಯ ಮಗನಿಗೆ. ಅವನಿಗೆ ಆರು ವರ್ಷವಿದ್ದಾಗ, 2005ರಲ್ಲಿ, ಬೆಂಗಳೂರಿನ ಡಾಕ್ಟರೊಬ್ಬರು ಬಿಳಿ ಹಾಳೆಯ ಮೇಲೆ ನಮ್ಮ ಮನೆತನ ಬರೆದರು. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ. "ಮನೆಯಲ್ಲಿ ಬೇರೆ ಯಾರಿಗಾದರೂ ಹೀಗೆ ಇತ್ತಾ?" ಎಂದು ಕೇಳಿದರು. ಇತ್ತು ಎಂದೆ. ನನ್ನ ತಮ್ಮ ಕಪ್ಪು ಬಳಿದ ಚೌಕವಾದ. ತೀರಿಕೊಂಡಿದ್ದಕ್ಕೆ ಅದರ ಮೇಲೊಂದು ಓರೆ ಗೆರೆ. ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ. ಎಕ್ಸ್ ವರ್ಣತಂತುವಿನ ಮೇಲಿರುವ ಒಂದು ಜೀನ್ ಕೆಟ್ಟು, ಸ್ನಾಯುಗಳಿಗೆ ಬೇಕಾದ ಡಿಸ್ಟ್ರೋಫಿನ್ ಎಂಬ ಪ್ರೋಟೀನು ತಯಾರಾಗುವುದಿಲ್ಲ. ತಾಯಿ ವಾಹಕಿ, ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಅಮ್ಮನ ವೃತ್ತದ ನಡುವೆ ಒಂದು ಚುಕ್ಕೆ ಇಟ್ಟರು, ತಂಗಿಯದಕ್ಕೊಂದು. ನನಗೆ ಮಕ್ಕಳಿಲ್ಲ, ಪರೀಕ್ಷೆ ಮಾಡಿಸಿಕೊಂಡಿಲ್ಲ. ನನ್ನ ವೃತ್ತ ಇನ್ನೂ ಖಾಲಿ.

ಊರಿಗೆ ಬಂದು ಅಮ್ಮನಿಗೆ ಹೇಳಿದೆ. "ಹಂಗಾರೆ ಗ್ರಹಣ ಅಲ್ಲದನೇ?" ಎಂದಳು. ಮುಖ ಒಂದು ಗಳಿಗೆ ಹಗುರಾಯಿತು. ಆಮೇಲೆ ಚುಕ್ಕೆಯ ಅರ್ಥ ತಿಳಿದುಕೊಂಡು, "ನನ್ನಿಂದಲೇ ಅಂದಾಂಗೆ ಆತು" ಎಂದು ಒಳಗೆ ಹೋದಳು. ಜನ್ಮಕ್ಕೆ ಬಂದದ್ದು ಯಾರ ತಪ್ಪೂ ಅಲ್ಲ ಎಂದು ಹೇಳಿಕೊಡುವವರು ಆ ಹಾಳೆಯ ಜೊತೆಗೇ ಬರಬೇಕು. ನಮಗೆ ಬರೀ ಹಾಳೆ ಬಂತು.

ಹುಡುಗನಿಗೆ ಮೊದಲ ಅಂಗವೈಕಲ್ಯ ಪ್ರಮಾಣಪತ್ರ ಸಿಕ್ಕಿದ್ದು ಏಳನೇ ವಯಸ್ಸಿಗೆ, ಇನ್ನೂ ನಡೆಯುತ್ತಿದ್ದಾಗ. ಅದರ ಮೇಲೆ "ತಾತ್ಕಾಲಿಕ, 5 ವರ್ಷ" ಎಂದಿತ್ತು. ತಾತ್ಕಾಲಿಕವಂತೆ! ಅವಧಿ ಮುಗಿದು ಹೊಸದಕ್ಕೆ ಹೋದಾಗ ಅವನು ಗಾಲಿಕುರ್ಚಿಯಲ್ಲಿದ್ದ. ಕಿಟಕಿಯ ಆಚೆ ಇದ್ದವರು ತಲೆ ಎತ್ತದೆ, "ಏನಾದರೂ ಸುಧಾರಣೆ ಆಗಿದೆಯಾ?" ಎಂದರು. ನನ್ನ ತಂಗಿ ಅಲ್ಲೇ ನಕ್ಕುಬಿಟ್ಟಳು, ಹುಚ್ಚು ಹಿಡಿದವರ ಹಾಗೆ. ಇಂಥ ಕಾಯಿಲೆಗಳು ದಿನಕ್ಕೊಂದು ಎಳೆ ಬಿಚ್ಚುತ್ತ ಹೋಗುತ್ತವೆ. ಕಚೇರಿ ಅಳೆಯುವುದು ಒಂದು ಮಂಗಳವಾರದ ಹನ್ನೊಂದು ಗಂಟೆಗೆ ಕಾಲು ಎಷ್ಟು ಮಡಿಸಿತು ಎಂಬುದನ್ನು.

ಕಾನೂನು ಸುಧಾರಿಸಿಲ್ಲ ಎನ್ನುವಂತಿಲ್ಲ. 1995ರ ಕಾಯ್ದೆಯಲ್ಲಿ ಏಳು ಬಗೆಯ ಅಂಗವೈಕಲ್ಯ ಇದ್ದವು. 2016ರದ್ದರಲ್ಲಿ 21 ಆದವು. ಮಸ್ಕ್ಯುಲರ್ ಡಿಸ್ಟ್ರೋಫಿ, ಹಿಮೋಫಿಲಿಯಾ, ತಲಸೇಮಿಯಾ, ಕುಬ್ಜತೆ ತಮ್ಮ ತಮ್ಮ ಹೆಸರಿನಲ್ಲೇ ಒಳಗೆ ಬಂದವು. ಕುಬ್ಜತೆಗೆ ಗೆರೆ 147 ಸೆಂಟಿಮೀಟರು. ಹಂದಿಗೋಡು ಕಾಯಿಲೆಯವರಲ್ಲಿ ಕೆಲವರು ಆ ಗೆರೆಯ ಕೆಳಗಿದ್ದಾರೆ, ಅವರಿಗೆ ಒಂದು ದಾರಿಯಾಯಿತು. ನನ್ನ ವಿದ್ಯಾರ್ಥಿ ಗೆರೆಗಿಂತ ಮೇಲಿದ್ದಾನೆ, ನೆಟ್ಟಗೆ ನಿಲ್ಲಿಸಿ ಅಳೆದರೆ. ನೆಟ್ಟಗೆ ನಿಲ್ಲಲು ಅವನಿಂದ ಆಗುವುದಿಲ್ಲ ಎಂಬುದು ಬೇರೆ ಮಾತು.

2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರದ ಅಪರೂಪದ ಕಾಯಿಲೆಗಳ ನೀತಿ ಬಂತು. ನಮ್ಮ ರಾಜ್ಯದ ಮಟ್ಟಿಗೆ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ ಅದರ ಉತ್ಕೃಷ್ಟತಾ ಕೇಂದ್ರ. ಮರುವರ್ಷ ನೆರವಿನ ಮಿತಿಯನ್ನು ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ದೊಡ್ಡ ಮೊತ್ತ ಅನ್ನಿಸುತ್ತದೆ, ಆದರೆ ಕೆಲವು ಔಷಧಿಗಳಿಗೆ ಅದು ಒಂದು ವರ್ಷಕ್ಕೂ ಸಾಲದು. ನೀತಿ ಕಾಯಿಲೆಗಳನ್ನು ಮೂರು ಗುಂಪು ಮಾಡುತ್ತದೆ: ಒಂದೇ ಸಲದ ಚಿಕಿತ್ಸೆಯಿಂದ ವಾಸಿ ಆಗಬಹುದಾದವು, ಹೆಚ್ಚು ದುಬಾರಿಯಲ್ಲದ ಚಿಕಿತ್ಸೆ ಬಹುಕಾಲ ಬೇಕಾದವು, ಚಿಕಿತ್ಸೆ ಇದ್ದೂ ವಿಪರೀತ ದುಬಾರಿಯಾದವು. ಮೂರಕ್ಕೂ ಅಳತೆಗೋಲು ಚಿಕಿತ್ಸೆ. ಚಿಕಿತ್ಸೆಯೇ ಇಲ್ಲದ ಕಾಯಿಲೆಯವರು, ಬರೀ ಮೆಟ್ಟಿಲು ಇಳಿಯಲು, ಗದ್ದೆಗೆ ಹೋಗಲು, ರಾತ್ರಿ ಮಗ್ಗುಲಾಗಲು ಸಹಾಯ ಬೇಕಾದವರು ಯಾವ ಗುಂಪಿನ ಬಾಗಿಲು ತಟ್ಟಬೇಕು? ಔಷಧಿಗಾಗಿ ಕೂಗುವುದು ಸುಲಭ ಎನ್ನುತ್ತಿಲ್ಲ. ಎಸ್‌ಎಂಎ ಎಂಬ ಸ್ನಾಯು ಕ್ಷೀಣಿಸುವ ಕಾಯಿಲೆ ಇರುವ ಯುವತಿಯರೇ ಕೋರ್ಟಿನ ಮೆಟ್ಟಿಲು ಹತ್ತಿದ್ದರು. ಬಾಟಲಿಗೆ 6 ಲಕ್ಷದ ಆಸುಪಾಸು ಇದ್ದ ರಿಸ್ಡಿಪ್ಲಾಮ್ ಔಷಧಿಯನ್ನು ಪೇಟೆಂಟ್ ಮೊಕದ್ದಮೆಯ ನಂತರ 2025ರಲ್ಲಿ ಭಾರತದ ಕಂಪನಿಯೊಂದು ಸುಮಾರು 16 ಸಾವಿರಕ್ಕೆ ಮಾರುಕಟ್ಟೆಗೆ ತಂದ ದಿನ ನಾನು ಮನೆಯಲ್ಲಿ ಪಾಯಸ ಮಾಡಿದ್ದೆ. ನಮ್ಮ ಹುಡುಗನ ಕಾಯಿಲೆ ಅದಲ್ಲ. ಆದರೂ ಮಾಡಿದೆ.

ನನ್ನ ವಕಾಲತ್ತು ಅಷ್ಟು ದೊಡ್ಡದಲ್ಲ. ಬೆಂಗಳೂರಿನ ಅಪರೂಪದ ಕಾಯಿಲೆಗಳ ಸಂಸ್ಥೆ ಒಆರ್‌ಡಿಐನವರು 7 ಸಾವಿರ ಕಾಯಿಲೆಗಳ ನೆನಪಿಗೆ 7 ಕಿಲೋಮೀಟರ್ ಓಟ ಏರ್ಪಡಿಸುತ್ತಾರೆ. ಒಮ್ಮೆ ಹೋಗಿ, ಅರ್ಧ ದಾರಿ ನಡೆದು, ಮಜ್ಜಿಗೆ ಕುಡಿದು ಬಂದಿದ್ದೇನೆ. ನನ್ನ ಕೆಲಸವೆಲ್ಲ ನಡೆದದ್ದು ಶಾಲೆಯ ಕಾಂಪೌಂಡಿನೊಳಗೆ, ಅದೂ ತಪ್ಪು ಮಾಡುತ್ತ.

ಮೊದಲ ತಪ್ಪು ಅತ್ತದ್ದು. ಹುಡುಗ ಆರನೇ ಕ್ಲಾಸಿಗೆ ಸೇರುವಾಗ ಶಾಲೆಯ ಸಭೆಯಲ್ಲಿ ಎದ್ದು ನಿಂತು, ಈ ಮಗುವಿಗೆ ಹೀಗಾಗಿದೆ, ಮುಂದೆ ಹೀಗಾಗುತ್ತದೆ ಎಂದು ಹೇಳುತ್ತ ಗಂಟಲು ಕಟ್ಟಿತು. ಎಲ್ಲರೂ ಕಣ್ಣೊರೆಸಿಕೊಂಡರು, ಇಳಿಜಾರು ಕಟ್ಟಿಸಲು ಒಪ್ಪಿದರು. ನಾನು ಗೆದ್ದೆ ಅಂದುಕೊಂಡೆ. ಮನೆಗೆ ಬಂದ ಮೇಲೆ ಅವನು, "ದೊಡ್ಡಮ್ಮ, ಮುಂದೆ ಏನಾಗತ್ತೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ನೀನು ಎಲ್ಲರ ಎದುರು ಹೇಳಿದೆ" ಎಂದ. ಹನ್ನೊಂದು ವರ್ಷದ ಹುಡುಗ. ಅವನ ಕಾಯಿಲೆಯ ಸುದ್ದಿಯನ್ನು ಅವನಿಗಿಂತ ಮೊದಲು ಊರಿಗೆ ಹಂಚಿದ್ದೆ.

ಎರಡನೆಯದು ಆ ಇಳಿಜಾರು. ಜಗಲಿಯ ಎತ್ತರ 45 ಸೆಂಟಿಮೀಟರು. ಗಾಲಿಕುರ್ಚಿಗೆ ಒಂದಕ್ಕೆ ಹನ್ನೆರಡರ ಪ್ರಮಾಣ ಬೇಕು, ಅಂದರೆ ಐದೂವರೆ ಮೀಟರಿನಷ್ಟು ಉದ್ದ. ಕಂಟ್ರಾಕ್ಟರು ಒಂದೂವರೆ ಮೀಟರಿನಲ್ಲಿ ಮುಗಿಸಿದ. ಐದನೇ ಕ್ಲಾಸಿನ ಹುಡುಗರಿಗೆ ಒಳ್ಳೆ ಜಾರುಬಂಡಿ ಆಯಿತು. ಕಣ್ಣೀರು ಸುರಿಸುವ ಬದಲು ಆ ಒಂದು ಅನುಪಾತವನ್ನು ಬರೆದು ಕೊಡಬೇಕಿತ್ತು, ಅದೂ ಗಣಿತದ ಟೀಚರಾಗಿ. ಒಡೆಸಿ ಮತ್ತೆ ಕಟ್ಟಿಸಲು ಒಂದೂವರೆ ವರ್ಷ ಹಿಡಿಯಿತು.

2015ರಲ್ಲಿ ಎಸ್ಸೆಸ್ಸೆಲ್ಸಿ. ಅಷ್ಟು ಹೊತ್ತಿಗೆ ಪೆನ್ನು ಹಿಡಿದರೂ ಹತ್ತು ಸಾಲಿಗೆ ಕೈ ಸೋಲುತ್ತಿತ್ತು. ಬರೆಯುವವರನ್ನು ಇಟ್ಟುಕೊಳ್ಳಬಹುದು, ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚಿಗೆ ಕೊಡಬೇಕು ಎಂಬ ಮಾರ್ಗಸೂಚಿ ಇತ್ತು. ಅರ್ಜಿ, ಪ್ರಮಾಣಪತ್ರದ ನಕಲು, ಮತ್ತೊಂದು ಅರ್ಜಿ. ಕೊನೆಗೆ ಒಪ್ಪಿಗೆ ಬಂತು. ಬರೆಯಲು ಸಿಕ್ಕಿದವನು ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ, ಅಕ್ಷರ ಮುತ್ತಿನ ಹಾಗೆ. ಭಾಷೆ, ಸಮಾಜ, ವಿಜ್ಞಾನ ಏನೂ ತೊಂದರೆಯಿಲ್ಲ. ಗಣಿತ? ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವುದು ಹತ್ತನೇ ಕ್ಲಾಸಿನ ಪಾಠ. ಆ ಹುಡುಗ ಅದನ್ನು ನೋಡೇ ಇಲ್ಲ. ಪರೀಕ್ಷೆಯಲ್ಲಿ ಅವನು ಎಳೆಯಬೇಕು, ಇವನು ಬರೀ ಹೇಳಬೇಕು.

ರಜೆಯಲ್ಲಿ ಇಬ್ಬರನ್ನೂ ನಮ್ಮ ಮನೆಯ ಪಡಸಾಲೆಯಲ್ಲಿ ಕೂರಿಸಿದೆ. ಬೋರ್ಡಿನ ಮೇಲೆ ಸ್ಪರ್ಶಕ ಎಳೆಯುವುದು ನನಗೆ ಉಸಿರಾಡಿದಷ್ಟು ಸಲೀಸು. ಅದನ್ನೇ ಬರೀ ಮಾತಿನಲ್ಲಿ ಹೇಳಲು ಹೋದಾಗ ನನ್ನ ಸೊಕ್ಕು ಇಳಿಯಿತು. "ಇಲ್ಲಿ ಒಂದು ಕಂಸ ಎಳಿ" ಎಂದರೆ "ಇಲ್ಲಿ" ಎಲ್ಲಿ? "ಹೀಗೆ" ಎಂದರೆ ಹೇಗೆ? ನಾನು ಮಧ್ಯೆ ಬಾಯಿ ಹಾಕಿದಾಗಲೆಲ್ಲ ಚಿತ್ರ ಕೆಡುತ್ತಿತ್ತು. ಮೂರನೇ ದಿನ ಹುಡುಗ, "ದೊಡ್ಡಮ್ಮ, ನೀನು ಅಡುಗೆಮನೆಗೆ ಹೋಗು" ಎಂದ.

ಹೋದೆ. ಒಗ್ಗರಣೆಯ ಸದ್ದಿನ ನಡುವೆ ಕೇಳುತ್ತಿತ್ತು: "ಕೈವಾರ ನಾಲ್ಕು ಸೆಂಟಿಮೀಟರ್ ತೆಗಿ. ಹಾಳೆಯ ಎಡಗಡೆ, ಮಧ್ಯದ ಸಾಲಲ್ಲಿ ಮುಳ್ಳು ಊರು. ಅದು ಓ. ಸುತ್ತು. ಓ ಇಂದ ಬಲಕ್ಕೆ, ನೇರ, ಹತ್ತು ಸೆಂಟಿಮೀಟರ್ ಗೆರೆ. ಕೊನೆಗೆ ಪಿ. ಈಗ ಕೈವಾರ ಗೆರೆಯ ಅರ್ಧಕ್ಕಿಂತ ಜಾಸ್ತಿ ತೆಗಿ, ಆರು ಸಾಕು. ಓ ಮೇಲಿಟ್ಟು ಮೇಲೊಂದು ಕೆಳಗೊಂದು ಕಂಸ. ಕೈವಾರ ಅಲ್ಲಾಡಿಸ್ಬೇಡ. ಪಿ ಮೇಲಿಟ್ಟು ಮತ್ತೆ ಅದೇ. ಕಂಸ ದಾಟಿದ ಎರಡು ಕಡೆ ಸೇರಿಸು. ಗೆರೆನ ಎಲ್ಲಿ ಕಡೀತೋ ಅದು ಎಂ. ಈಗ ಎಂ ಮೇಲೆ ಮುಳ್ಳು, ಓ ತನಕ ಬಾಯಿ ತೆಗಿ, ಸುತ್ತು. ಮೊದಲ್ನೇ ವೃತ್ತನ ಎರಡು ಕಡೆ ಕಡೀತಾ? ಎ, ಬಿ ಅಂತ ಬರಿ. ಪಿ ಇಂದ ಎರಡಕ್ಕೂ ಗೆರೆ." ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಒಂಬತ್ತನೇ ಕ್ಲಾಸಿನವನ ಧ್ವನಿ: "ಹೋ! ಮುಟ್ಟಿ ಹೋಯ್ತು ಮಾರಾಯ, ಬರೀ ಮುಟ್ಟಿ ಹೋಯ್ತು!"

ಬೇರೆಯವರ ಪರವಾಗಿ ಮಾತಾಡಬೇಕಾದಾಗಲೆಲ್ಲ ನನಗೆ ಆ ಪಡಸಾಲೆ ನೆನಪಾಗುತ್ತದೆ. ಈಗ ಯಾರ ಜೊತೆ ಆಸ್ಪತ್ರೆಗೆ ಹೋದರೂ ಹಿಂದಿನ ದಿನ ಕೇಳಿಕೊಳ್ಳುತ್ತೇನೆ: ಅಲ್ಲಿ ಏನು ಹೇಳಬೇಕು, ಯಾರು ಹೇಳಬೇಕು, ಯಾವುದನ್ನು ಹೇಳಬಾರದು. ಹುಡುಗನಿಗೆ ಈಗ ಇಪ್ಪತ್ತಾರು. ರಾತ್ರಿ ಉಸಿರಾಟಕ್ಕೆ ಯಂತ್ರ ಇದೆ, ಹಗಲು ಫೋನಿನ ಪರದೆಯ ಮೇಲೆ ಎರಡು ಬೆರಳಿನಲ್ಲಿ ಟೈಪು ಮಾಡುತ್ತಾನೆ. ಈ ಬರಹವನ್ನೂ ಮೊದಲು ಅವನಿಗೇ ಕಳಿಸಿದೆ. "ಪಾಪ" ಎಂಬ ಪದ ಎರಡು ಕಡೆ ಇತ್ತು, ತೆಗೆದ. "ಬಳಲುತ್ತಿರುವ" ಎಂಬುದನ್ನು "ಇರುವ" ಎಂದು ತಿದ್ದಿದ. ಅಜ್ಜಿಯ ಭಾಗ ಇರಲಿ ಎಂದ.

ನನ್ನ ಹಳೆಯ ವಿದ್ಯಾರ್ಥಿಗೆ ಕೊಟ್ಟ 38ರ ಕಾಗದದ ಮೇಲೆ ಮೇಲ್ಮನವಿ ಸಲ್ಲಿಸಬಹುದು, 90 ದಿನದೊಳಗೆ. ಅಲ್ಲೂ ತೊಂಬತ್ತೇ! ಅರ್ಜಿಯನ್ನು ಅವನು ಹೇಳಿದ, ನಾನು ಬರೆದೆ. ಸೂತ್ರದ ಬಗ್ಗೆ ಒಂದು ಪ್ಯಾರಾ ಬರೆಯಬೇಕೆಂದಿದ್ದೆ, ಅವನು ಬೇಡವೆಂದ. ಅವನು ಹೇಳಿಸಿದ್ದು ಇಷ್ಟು: ಬೆಳಿಗ್ಗೆ ಎದ್ದು ನಿಲ್ಲಲು ಅರ್ಧ ಗಂಟೆ ಬೇಕು, ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ, ಅಡಿಕೆ ಸುಲಿಯುವ ಕೆಲಸಕ್ಕೂ ಎರಡು ಗಂಟೆಗಿಂತ ಹೆಚ್ಚು ಕೂರಲಾರೆ, ಮಗಳ ಸೊಂಟವೂ ಈಗೀಗ ನೋಯುತ್ತಿದೆಯಂತೆ. ಕೊನೆಯದು ಅರ್ಜಿಗೆ ಸಂಬಂಧವಿಲ್ಲ ಎಂದು ಬಾಯಿವರೆಗೆ ಬಂದಿತ್ತು. ಸುಮ್ಮನೆ ಬರೆದೆ.

ಮರುತಪಾಸಣೆಗೆ ಮುಂದಿನ ತಿಂಗಳು ಬರಹೇಳಿದ್ದಾರೆ. ಮೊನ್ನೆ ಪೇಟೆಗೆ ಹೋದವಳು ಆ ಕಟ್ಟಡ ನೋಡಿಕೊಂಡು ಬಂದೆ. ಕೋಣೆ ಮಹಡಿಯ ಮೇಲೆ. ಲಿಫ್ಟು ಇದೆ, ರಿಪೇರಿಯಲ್ಲಿದೆ. ಇಪ್ಪತ್ತೆರಡು ಮೆಟ್ಟಿಲು ಎಂದು ಅವನಿಗೆ ಫೋನು ಮಾಡಿ ಹೇಳಿದೆ, ಕೆಳಗೇ ನೋಡಿ ಎಂದು ಕೇಳಿಕೊಳ್ಳೋಣವಾ, ಏನು ಮಾಡೋಣ ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಕೇಳೇ ಬಿಡಿ ಟೀಚರೆ" ಎಂದ. "ಕಷ್ಟಪಟ್ಟು ಹತ್ತಿ ಹೋದೆ ಅಂತಿಟ್ಕಳಿ, ಹತ್ತಕ್ಕೆ ಆಗ್ತದಲ್ಲ ಅಂತ ಇನ್ನೂ ಎರಡು ಕಮ್ಮಿ ಹಾಕ್ತಾರೆ."